ಬಾಡಿಗೆಯ ರ‍್ಯಾಕ್

"ಈ ಡೇಟಾ ಸೆಂಟರ್ ಪೂರ್ತಿ ನಮ್ದೇ ಸಾರ್," ಎಂದು ಬಿಂದುಶ್ರೀ ಹೊಸ ಗ್ರಾಹಕರಿಗೆ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ, ಗಾಜಿನ ಬಾಗಿಲು ತಳ್ಳಿಕೊಂಡು ಕುರುಬರಹಳ್ಳಿಯ ಮರಿಯಪ್ಪನವರು ಒಳಗೆ ಬಂದರು.

ಹತ್ತಾರು ಕಂಪನಿಗಳು ಬಾಡಿಗೆ ಕಟ್ಟಿ ಸರ್ವರ್ ಇಟ್ಟಿದ್ದ ರಾಜಾಜಿನಗರದ ಆ ರೂಮಿನಲ್ಲಿ ಅವಳಿಗಿದ್ದದ್ದು ಒಂದೇ ಒಂದು ಶೆಲ್ಫ್. ಅದೂ ಮರಿಯಪ್ಪನವರು ತಮ್ಮ ರ‍್ಯಾಕಿನಲ್ಲಿ ಬಿಟ್ಟುಕೊಟ್ಟದ್ದು. ಬೆಳಿಗ್ಗೆ ಬಂದವಳೇ ರ‍್ಯಾಕಿನ ಬಾಗಿಲ ಮೇಲಿದ್ದ ಅವರ ಕಂಪನಿಯ ಹೆಸರಿನ ಮೇಲೆ ತನ್ನ ಕಂಪನಿಯ ಸ್ಟಿಕ್ಕರ್ ಅಂಟಿಸಿದ್ದಳು. ಗ್ರಾಹಕರು ಹೋದಮೇಲೆ ಕಿತ್ತರಾಯಿತು ಎಂದುಕೊಂಡಿದ್ದಳು. ಆ ಎಸಿ ಚಳಿಯಲ್ಲೂ ಈಗ ಅವಳ ಕಿವಿ ಬಿಸಿಯಾಯಿತು.

ಸ್ಟಿಕ್ಕರಿನ ಒಂದು ಮೂಲೆ ಎದ್ದು, ಅಡಿಯಿಂದ ಹಳೆಯ ಹೆಸರು ಇಣುಕುತ್ತಿತ್ತು. ಮರಿಯಪ್ಪನವರು ಅದನ್ನೇ ನೋಡಿದರು.

"ಇವರು ಯಾರು ಮೇಡಂ?" ಎಂದು ಗ್ರಾಹಕರು ಕೇಳಿದರು.

ಮರಿಯಪ್ಪನವರು ಹೆಬ್ಬೆರಳಿನಿಂದ ಆ ಮೂಲೆಯನ್ನು ಒತ್ತಿ, ನೀಟಾಗಿ ಅಂಟಿಸಿದರು. "ನಾನು ಇವ್ರ ಹತ್ರ ಬಾಡಿಗೆಗಿದೀನಿ ಸಾರ್," ಎಂದರು. ಆಮೇಲೆ ಅವಳ ಕಡೆ ತಿರುಗಿ, "ಒಂದ್ ಕೇಬಲ್ ನೋಡ್ಕೊಂಡು ಹೋಗ್ಲಾ ಮೇಡಂ?" ಎಂದು ಕೇಳಿದರು.

ನಿನ್ನೆಯವರೆಗೂ ಅವಳನ್ನು "ಏನ್ ಪುಟ್ಟಾ" ಎಂದೇ ಮಾತಾಡಿಸುತ್ತಿದ್ದವರು.

"ಹೂಂ, ನೋಡ್ಕೊಳಿ," ಎಂದಳು ಬಿಂದುಶ್ರೀ, ನೆಲ ನೋಡುತ್ತಾ.