ನಿಘಂಟಿಗೆ ಸಿಗದ ಮಾತು

“ನನ್ನ ಹಲ್ಲಿಗೆ ಸಿಕ್ಕಿದ ಕಲ್ಲು ಇದು, ಟೊಂಕಲಬಿಂಕ,” ಎಂದು ನಿವೃತ್ತ ಮೇಷ್ಟ್ರು ಕಾದಂಬರಿಯನ್ನು ತೊಡೆಯ ಮೇಲೆ ಕವುಚಿ ಹಾಕಿದರು. “ಇರೋ ನಿಘಂಟೆಲ್ಲ ತಡಕಾಡಿದೆ, ಎಲ್ಲೂ ಇಲ್ಲ.”

ಭಾನುವಾರ ಸಂಜೆ ಕನ್ನಡಕದಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ಕುರ್ಚಿ ಹಾಕಿಕೊಳ್ಳುವ ಈ ಓದುಗರ ಬಳಗಕ್ಕೆ ಒಂದು ಕಟ್ಟಲೆ ಇತ್ತು. ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದ ಪುಸ್ತಕವನ್ನು ಹೊಗಳುವ ಮೊದಲು, ಊಟದಲ್ಲಿ ಕಲ್ಲು ಸಿಕ್ಕಂತೆ ತಮಗೆ ಅಡ್ಡ ಬಂದ ಒಂದು ಮಾತನ್ನು ಎಲ್ಲರೂ ಹೆಕ್ಕಿ ಮುಂದಿಡಬೇಕು. ಅಂಗಡಿಯೊಡತಿಗೆ ಈ ಕಟ್ಟಲೆ ಬಲು ಇಷ್ಟ, ಕಲ್ಲು ಹೆಕ್ಕಲು ಪೂರ್ತಿ ಊಟ ಮಾಡಬೇಕಾಗಿಲ್ಲವಲ್ಲ. ಈ ಸಲವಂತೂ ಅವಳು ಪುಸ್ತಕ ತೆರೆದೇ ಇರಲಿಲ್ಲ. ಗಿರಾಕಿಗಳ ಕಣ್ಣು ನೋಡುವುದರಲ್ಲಿ ಸ್ವಂತ ಕಣ್ಣಿಗೆ ಪುರುಸೊತ್ತೆಲ್ಲಿ?

“ಟೊಂಕ ಅಂದ್ರೆ ಸೊಂಟ, ಬಿಂಕ ಅಂದ್ರೆ ಗತ್ತು,” ಮೇಷ್ಟ್ರು ಬಿಡಿಸತೊಡಗಿದರು. “ಕಾದಂಬರಿಯ ತಾಯಿ ದಿನಾ ಬೆಳಗ್ಗೆ ಮಗಳನ್ನ ಕರೆದು ಈ ಮಾತು ಹೇಳ್ತಾಳೆ. ಸೊಂಟ ಬಗ್ಗಿಸದೆ ಬದುಕು ಅಂತ ಅರ್ಥ. ಇದೊಂದು ಪ್ರತಿರೋಧ.”

“ಅರ್ಥ ಏನಾದ್ರೂ ಇರ್ಲಿ, ಆ ತಾಯಿ ಇದ್ದಾಳಲ್ಲ,” ಎಂದಳು ಆಸ್ಪತ್ರೆಯ ನರ್ಸಮ್ಮ. “ಮಗಳು ಶಾಲೆಯಿಂದ ಬರೋವರೆಗೂ ಬಾಗಿಲು ಬಿಟ್ಟು ಕದಲೋಳಲ್ಲ. ಅಂಥ ಅಮ್ಮ ಸಿಗೋಕೆ ಪುಣ್ಯ ಮಾಡಿರ್ಬೇಕು.”

ಅಂಗಡಿಯೊಡತಿಗೆ ನಗು ತಡೆಯಲಾಗಲಿಲ್ಲ. “ಪ್ರತಿರೋಧನೂ ಇಲ್ಲ ಗಿತಿರೋಧನೂ ಇಲ್ಲ ಮೇಷ್ಟ್ರೇ. ಅಂಗಿ ಗುಂಡಿ ತಪ್ಪಿ ಹಾಕ್ಕೊಂಡ್ರೆ ಒಂದು ಕಡೆ ಜೋತು ಬೀಳುತ್ತಲ್ಲ, ಅದು ಟೊಂಕಲಬಿಂಕ.”

“ಹಾಗಂತ ಯಾರಂದ್ರು?”

“ನಮ್ಮಮ್ಮ. ‘ಬಾ ಇಲ್ಲಿ, ಟೊಂಕಲಬಿಂಕ ಬಿಡಿಸ್ತೀನಿ’ ಅಂತ ಕೆಳಗಿನ ಗುಂಡಿಯಿಂದ ಬಿಚ್ಕೊಂಡು ಬರೋಳು. ಅವಳೇ ಹುಟ್ಟಿಸಿದ ಮಾತು ಅಂದ್ಕೊಂಡಿದ್ದೆ ನಾನು.”

ಸತ್ತ ಅಮ್ಮನಿಂದ ಅವಳಿಗೆ ಉಳಿದಿದ್ದ ಆಸ್ತಿಯೆಂದರೆ ಇಷ್ಟೇ: ಈ ಒಂದು ಮಾತು, ಮತ್ತು ಗದ್ದದ ಕೆಳಗೆ ಓಡಾಡುತ್ತಿದ್ದ ತಣ್ಣನೆಯ ಬೆರಳು. ಶಾಲೆಗೆ ಸೇರುವ ಮುಂಚೆಯೇ ತಬ್ಬಲಿ ಎನಿಸಿಕೊಂಡು ಸೋದರತ್ತೆಯ ಕೈಯಲ್ಲಿ ಬೆಳೆದವಳು. ಮನೆಯಲ್ಲಿ ಅಮ್ಮನದೊಂದು ಫೋಟೋ ಕೂಡ ಇರಲಿಲ್ಲ. ನೋಡಿದರೆ ನಿಮ್ಮಪ್ಪನಿಗೆ ತಡೆಯೋಕಾಗಲ್ಲ ಎಂದಿದ್ದಳು ಅತ್ತೆ. ಅದನ್ನು ನಂಬಿ ಅವಳು ಅಪ್ಪನ ಮೇಲೆ ಇನ್ನಷ್ಟು ಪ್ರೀತಿ ಸುರಿದಿದ್ದಳು.

“ಕಳ್ಳಿ, ಪುಸ್ತಕ ಮುಗಿಸೇ ಬಂದಿದ್ದೀರಿ,” ಎಂದು ನರ್ಸಮ್ಮ ನಕ್ಕಳು. “ಕೊನೇ ಅಧ್ಯಾಯದಲ್ಲಿ ಇದೇ ಅರ್ಥ ಬರುತ್ತೆ. ಮೊದಲೇ ಹೇಳಬಾರ್ದು ಅಂತ ಬಾಯಿ ಬಿಗಿ ಹಿಡಿದಿದ್ದೆ.” ಮೇಷ್ಟ್ರು ಕೆಮ್ಮಿ, ಕೊನೆಯ ಅಧ್ಯಾಯ ಹುಡುಕತೊಡಗಿದರು. “ಆದ್ರೆ ನಿಮ್ಮಮ್ಮನ ಮಾತಲ್ಲ ಬಿಡಿ,” ಎಂದು ನರ್ಸಮ್ಮ ತನ್ನ ಫೋನು ಮುಂದೆ ಚಾಚಿದಳು. “ ಲೇಖಕಿ ಸಂದರ್ಶನದಲ್ಲಿ ಹೇಳಿದ್ದಾಳೆ, ಇದು ಅವರಮ್ಮ ಕಟ್ಟಿದ ಮಾತು, ಬೇರೆ ಯಾರ ಬಾಯಲ್ಲೂ ಕೇಳಿಲ್ಲವಂತೆ. ನೋಡಿ, ತಾಯಿ ಮಗಳು. ಹೋದ ತಿಂಗಳ ಫೋಟೋ.”

ಅಂಗಡಿಯೊಡತಿ ಫೋನನ್ನು ದೀಪದ ಕೆಳಗೆ ಹಿಡಿದಳು. ಲೇಖಕಿ ಅವಳಿಗಿಂತ ತುಂಬ ಚಿಕ್ಕವಳು, ಗುರುತಿಲ್ಲದ ಮುಖ. ಪಕ್ಕದ ಮುದುಕಿಯ ಕನ್ನಡಕ ಮಾತ್ರ ಎಡಕ್ಕೆ ಜಾರಿತ್ತು. ಮೂಗಿನ ಮೇಲ್ಭಾಗ ಒಂದು ಕಡೆ ತಗ್ಗಾಗಿದ್ದರೆ ಯಾವ ಚೌಕಟ್ಟೂ ನೆಟ್ಟಗೆ ನಿಲ್ಲುವುದಿಲ್ಲ. ಊರವರ ಮೂಗಿಗೆಲ್ಲ ಚೌಕಟ್ಟು ಕೂರಿಸುವವಳು ಅಂಥ ಮೂಗನ್ನು ಒಂದೇ ಒಂದು ಕಡೆ ನೋಡಿದ್ದಳು, ತನ್ನ ಅಂಗಡಿಯ ಕನ್ನಡಿಯಲ್ಲಿ.

ಅಮ್ಮ ಇದ್ದಾಳೆ ಎಂಬ ಸಂತೋಷ ಮೊದಲು ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಯಾರದೋ ಮಗಳಿಗಾಗಿ ಬಾಗಿಲಲ್ಲಿ ನಿಂತಳಂತೆ, ಯಾರದೋ ಗುಂಡಿ ಬಿಚ್ಚಿದಳಂತೆ.

“ಯಾಕ್ರೀ, ಮುಖ ಬಿಳಿಚ್ಕೊಂಡಿದೆ?” ಎಂದು ಮೇಷ್ಟ್ರು ಕೇಳುತ್ತಿದ್ದಂತೆ ಅವಳು ಎದ್ದಳು. ಗಾಜು ಉಜ್ಜುವ ಯಂತ್ರವಿದ್ದ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಪ್ಪನಿಗೆ ಫೋನ್ ಮಾಡಿದಳು.

“ಅಪ್ಪ, ಅಮ್ಮ ಬದುಕಿದ್ದಾಳೆ.”

ಆ ಕಡೆ ಟಿವಿಯ ಸದ್ದು ನಿಂತಿತು. ಯಾರು ಹೇಳಿದ್ರು ಎಂದು ಅಪ್ಪ ಕೇಳಲಿಲ್ಲ. ಹುಚ್ಚುಹುಚ್ಚಾಗಿ ಆಡಬೇಡ ಎನ್ನಲೂ ಇಲ್ಲ.

“ತೀರಿಹೋದಳು ಅಂದಿದ್ರಲ್ಲಪ್ಪ ನನಗೆ.”

“ನಾನು ಹಾಗನ್ಲಿಲ್ಲ ಮಗಳೇ,” ಎಂದರು ಅಪ್ಪ. “ಹೋದಳು ಅಂದೆ, ಅಷ್ಟೇ. ‘ತೀರಿ’ ಅನ್ನೋದನ್ನ ಜನ ಸೇರಿಸಿದ್ರು. ನಾನು ತೆಗೀಲಿಲ್ಲ.”