ಕೊನೆಯ ಸುಲಭ ಪ್ರಶ್ನೆ

ಮಸ್ಕತ್ತಿನ ಕೆಲಸ ಮುಗಿಯುತ್ತಾ ಬಂದಿತ್ತು. ಅಪ್ಪನಿಗೆ ಸಿಂಗಪುರ, ದೋಹಾ ಎರಡೂ ಕಡೆ ಕೆಲಸ ಸಿಕ್ಕಿತ್ತು. ಮಗಳಿಗೆ ಒಳ್ಳೆಯ ಸ್ಕೂಲು ಎಲ್ಲಿ ಸಿಗುತ್ತದೋ ಅಲ್ಲಿಗೇ ಹೋಗೋಣ ಎಂದು ಹೇಳಿ ಅವನು ಕೈತೊಳೆದುಕೊಂಡಿದ್ದ. ಒಂಬತ್ತು ವರ್ಷದ ಹುಡುಗಿಗೆ ಮುಂದಿನದು ಐದನೆಯ ಸ್ಕೂಲು.

ತಿಂಗಳಿಂದ ಎರಡು ಊರಿನ ಸ್ಕೂಲುಗಳನ್ನು ತೂಗಿ ತೂಗಿ ಅಮ್ಮನಿಗೆ ಸಾಕಾಗಿತ್ತು.

"ನೆನಪಿದೆ ತಾನೇ? ಸಿಂಗಪುರದವ್ರು ಕೇಳಿದ್ರೆ ನಿಂಗೆ ಲೆಕ್ಕ ಇಷ್ಟ. ದೋಹಾದವ್ರು ಕೇಳಿದ್ರೆ ಈಜು."

"ಗೊತ್ತಮ್ಮ. ಸಿಂಗಪುರಕ್ಕೆ ಡಾಕ್ಟರ್ ಆಗ್ತೀನಿ, ದೋಹಾಕ್ಕೆ ಪೈಲಟ್."

"ಜಾಣೆ. ಇವತ್ತು ದೋಹಾ."

ಆನ್‌ಲೈನ್ ಸಂದರ್ಶನಕ್ಕೆ ಲ್ಯಾಪ್‌ಟಾಪಿನಲ್ಲಿ ಮೂಡಿದ ಟೀಚರ್ ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳುತ್ತಾ ಹೋದರು. ನಿನಗೇನಿಷ್ಟ? ದೊಡ್ಡವಳಾದ ಮೇಲೆ ಏನಾಗುತ್ತೀ? ಮಗಳು ಎಲ್ಲೂ ತಡವರಿಸಲಿಲ್ಲ. ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ಕೂತಿದ್ದ ಅಮ್ಮನ ಹೆಗಲು ಸಡಿಲವಾಯಿತು.

"ತುಂಬಾ ಚೆನ್ನಾಗಿ ಮಾತಾಡಿದೆ. ಇನ್ನೊಂದೇ ಪ್ರಶ್ನೆ, ಬಹಳ ಸುಲಭದ್ದು" ಎಂದು ಟೀಚರ್ ನಕ್ಕರು. "ನಿನ್ನ ಊರು ಯಾವುದು?"

ಮಗಳು ಮೈಕ್ ಆಫ್ ಮಾಡಿ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಈ ಸ್ಕೂಲಿಗೆ ನಮ್ಮೂರು ಯಾವ್ದು?"