ಜೊತೆಗೆ ಬಂದವರು

"ಶಮೀಮ್ ಬಾನು, ಗಂಡ ರಿಯಾಜ್, ಮಲೆಬೆನ್ನೂರು," ಎಂದು ಕಂಪ್ಯೂಟರಿನ ಪಟ್ಟಿ ಓದಿ ರಿಜಿಸ್ಟರಿಗೆ ಬರೆದುಕೊಂಡ ಆಸ್ಪತ್ರೆಯ ಗುಮಾಸ್ತ ಬಕ್ಕೇಶ್ ತಲೆಯೆತ್ತದೆಯೇ ಕೇಳಿದ, "ನಿಮ್ಮ ಏರಿಯಾದೋರೇ ಅಕ್ಕ. ಕರ್ಕಂಡು ಬಂದೀರೇನ್ರಿ?"

ಆಶಾ ಕಾರ್ಯಕರ್ತೆ ಶಮೀಮ್ ರೂಢಿಯಂತೆ ಹಿಂದಕ್ಕೆ ತಿರುಗಿ, ಬೆಂಚಿನ ಮೇಲೆ ಕೂತವರ ಮುಖಗಳನ್ನು ಹುಡುಕಿದಳು. ಮೂರು ಮುಖ ದಾಟಿದ ಮೇಲೆ ಹೊಳೆಯಿತು, ಕರೆದದ್ದು ತನ್ನದೇ ಹೆಸರು. ಅಷ್ಟರಲ್ಲಿ ಬಕ್ಕೇಶನಿಗೂ ಹೊಳೆಯಿತು, ಪೆನ್ನು ಕೆಳಗಿಟ್ಟ.

ಪ್ರತಿ ಮಂಗಳವಾರ ದಾವಣಗೆರೆಯಿಂದ ಮನಸ್ಸಿನ ಡಾಕ್ಟರು ಹರಿಹರದ ಸರ್ಕಾರಿ ಆಸ್ಪತ್ರೆಗೆ ಬರುತ್ತಾರೆ. ಊರೂರಿನಿಂದ ಜನರನ್ನು ಒಪ್ಪಿಸಿ ಬಸ್ಸು ಹತ್ತಿಸಿ ತರುವ ಕೆಲಸ ಶಮೀಮಳಂಥವರದು. ರಿಜಿಸ್ಟರಿನಲ್ಲಿ ರೋಗಿಯ ಹೆಸರಿನ ಪಕ್ಕಕ್ಕೆ 'ಜೊತೆಗೆ ಬಂದವರು' ಎಂದೊಂದು ಅಂಕಣ. ಮಲೆಬೆನ್ನೂರಿನ ಸಾಲುಗಳಲ್ಲೆಲ್ಲ ಅಲ್ಲಿರುವುದು ಅವಳದೇ ಸಹಿ. ಇವತ್ತು ಕರೆತಂದದ್ದು ಗಿರಿಯಮ್ಮನನ್ನು. ಗಂಡ ತೀರಿಹೋದ ಮೇಲೆ ಅನ್ನ, ಮಾತು ಎರಡನ್ನೂ ಬಿಟ್ಟು ಗೋಡೆ ನೋಡುತ್ತ ಕೂತುಬಿಟ್ಟಿದ್ದ ಹೆಂಗಸು. 'ಹುಚ್ಚರ ಡಾಕ್ಟರ ಹತ್ರ ನಾ ಬರಲ್ಲ' ಎಂದು ಹಟ ಹಿಡಿದವಳನ್ನು ಮೊದಲ ಸಲ ಹೊಸಿಲು ದಾಟಿಸುವಷ್ಟರಲ್ಲಿ ಶಮೀಮಳಿಗೆ ಸಾಕುಸಾಕಾಗಿತ್ತು. ಇದು ನಾಲ್ಕನೇ ಸಲ. ಈಗ ಆಕೆ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳವಾಡುವಷ್ಟು ಗೆಲುವಾಗಿದ್ದಾಳೆ.

"ಅದು ಮಾದರೀದು ಸರ್," ಎಂದಳು ಶಮೀಮ್, ನಗಲು ನೋಡುತ್ತ. "ಹೋದ ತಿಂಗ್ಳು ದಾವಣಗೆರೆ ಪಿ.ಜೆ. ಬಡಾವಣೇಲಿ ಟ್ರೇನಿಂಗ್ ಇತ್ತಲ್ರಿ? ಮೊಬೈಲ್‌ನಾಗೆ ಯಾರದಾದ್ರೂ ಹೆಸರು ಹಾಕಿ ಮನಸ್ಸಿನ ಕಾಯಿಲೆ ಪತ್ತೆ ಮಾಡೋ ಫಾರಂ ತುಂಬಿ ನೋಡ್ರಿ ಅಂದ್ರು. ನಂದೇ ಹಾಕ್ದೆ."

ಅವತ್ತು ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಆಶಾ ಕಾರ್ಯಕರ್ತೆ ಯಲ್ಲಕ್ಕ ಯಾರೋ ಸಿನಿಮಾ ನಟಿಯ ಹೆಸರು ಹಾಕಿ ಕಿಸಕ್ಕನೆ ನಕ್ಕಿದ್ದಳು. ಶಮೀಮಳಿಗೆ ಕೈ ಬರಲಿಲ್ಲ. ಇನ್ನೊಬ್ಬರ ಮನೆಯ ಹೆಣ್ಣಿನ ಹೆಸರನ್ನು ಸುಳ್ಳಿಗಾದರೂ ಇಂಥ ಕಾಯಿಲೆಗೆ ಹಚ್ಚಬಾರದು, ಯಾರ ಕಣ್ಣಿಗೆ ಬಿದ್ದು ಯಾರ ಸಂಬಂಧ ಮುರಿಯುತ್ತದೋ! ಅದಕ್ಕೇ ತನ್ನದೇ ಬರೆದಳು. ಅಳಿಸುವುದನ್ನು ಮರೆತಳು.

"ಹೆಸರು ಮಾದರೀದು ಸರಿ," ಬಕ್ಕೇಶ್ ಪರದೆಯನ್ನು ಅವಳ ಕಡೆ ತಿರುಗಿಸಿದ. "ಉತ್ತರಾನೂ ಮಾದರೀವೇನ್ರಿ? ಅಂಕ ಹತ್ತೊಂಬತ್ತು ಬಂದೈತೆ. ಹದಿನೈದು ದಾಟಿದ್ರೆ ಡಾಕ್ಟರಿಗೆ ತೋರಿಸ್ಲೇಬೇಕು ಅಂತ ಊರಿಗೆಲ್ಲ ಹೇಳೋರು ನೀವೇ."

ಶಮೀಮಳ ತಲೆ ಮೊಸರುಗಡಿಗೆಯಾಯಿತು. ಸುಮ್ಮನೆ ಒತ್ತಿದ್ದೋ, ನಿಜ ಒತ್ತಿದ್ದೋ? ಎಷ್ಟು ನೆನಪಿಸಿಕೊಂಡರೂ ತಿಳಿಯಲೊಲ್ಲದು. ಅವತ್ತು ಊಟದ ಹೊತ್ತಾಗಿತ್ತು, ಉಳಿದವರೆಲ್ಲ ಪಟಪಟನೆ ಒತ್ತಿ ಎದ್ದುಹೋಗಿದ್ದರು. ಕೊನೆಗೆ ಎದ್ದವಳು ತಾನೇ, ತನ್ನ ತಟ್ಟೆಯ ಪಲಾವು ಆರಿ ಗಟ್ಟಿಯಾಗಿತ್ತು. ಸುಮ್ಮನೆ ಒತ್ತಿದ್ದಾದರೆ ಅಷ್ಟು ಹೊತ್ತು ಯಾಕೆ ಬೇಕಾಯಿತು? ಈ ವಾರ ಎರಡು ಸಲ ಬೇಳೆ ಹೊತ್ತಿದ್ದು, ಎದುರಿಗೇ ನಿಂತು ರಿಯಾಜ್ ಮೂರು ಸಲ ಕೂಗಿದರೂ ಕೇಳಿಸದೇ ಹೋದದ್ದು, ಅವೆಲ್ಲ ಕೆಲಸದ ದಣಿವು ಅಂದುಕೊಂಡಿದ್ದಳಲ್ಲ!

"ತೆಗೆದುಬಿಡ್ಲೇನ್ರಿ? ತಪ್ಪಾಗಿ ಬಂದೈತೆ ಅಂತ ಬರೀತೀನಿ. ಬೇಗ ಹೇಳ್ರಿ, ಡಾಕ್ಟರು ಒಂದು ಗಂಟೆಗೆ ಹೊಂಡ್ತಾರೆ."

"ತೆಗೀರಿ," ಎಂದಳು. ಮರುಕ್ಷಣವೇ, "ಇರ್ರಿ, ಇರ್ರಿ," ಎಂದಳು. ಬೆಂಚಿನಲ್ಲಿ ಅವಳ ಊರಿನವರೇ ಇನ್ನೂ ಇಬ್ಬರಿದ್ದರು. ನಮಗೆ ಹೇಳೋಕೆ ಬಂದವಳಿಗೇ ಐತಂತೆ ಎಂದು ಸುದ್ದಿಯಾದರೆ ನಾಳೆ ಯಾರು ಬಾಗಿಲು ತೆಗೆದಾರು? ಇದರಲ್ಲಿ ನಾಚಿಕೆ ಏನೂ ಇಲ್ಲ ಎಂದು ಮನೆಮನೆ ಸುತ್ತಿ ಹೇಳಿದವಳಿಗೆ ಈಗ ಕಿವಿಯವರೆಗೂ ನಾಚಿಕೆಯಾಗುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದರೆ ಇದೇ ಇರಬೇಕು.

"ಯಾಕವ್ವ, ಹಂಗೆ ನಿಂತೆ?" ಗಿರಿಯಮ್ಮ ಎದ್ದು ಬಂದಿದ್ದಳು.

"ಏನಿಲ್ಲ ಗಿರಿಯಮ್ಮ. ನನ್ನ ಹೆಸರು ತಪ್ಪಿ ಪಟ್ಟಿಗೆ ಬಂದೈತೆ."

ಗಿರಿಯಮ್ಮ ಅವಳ ಮುಖವನ್ನೇ ನೋಡಿದಳು. "ಬೆಳಿಗ್ಗೆ ಬಸ್ನಾಗೆ ಕಣ್ಣು ಒರೆಸ್ಕಂತಿದ್ದೆ. ಕೇಳಿದ್ರೆ ಧೂಳು ಬಿತ್ತು ಅಂದೆ."

"ಹೂಂ, ಧೂಳೇ."

"ಕಿಟಕಿ ಹಾಕಿತ್ತಲ್ಲವ್ವ."

ಶಮೀಮ್ ಬಾಯಿ ತೆರೆದಳು. ವರ್ಷದಿಂದ ಊರಿಗೆಲ್ಲ ಹಂಚಿದ ಮಾತುಗಳಲ್ಲಿ ಒಂದೂ ತನಗೆಂದು ಉಳಿದಿರಲಿಲ್ಲ. ಅಳು ಒತ್ತಿ ಬಂತು. ಯಾಕೆಂದು ಮಾತ್ರ ಈಗಲೂ ತಿಳಿಯಲಿಲ್ಲ.

ಗಿರಿಯಮ್ಮ ಅವಳ ಹೆಗಲಿನ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ಮೇಜಿನ ಹತ್ತಿರ ಹೋಗಿ, "ಈಕೀ ಹೆಸರಿನ ಸಾಲು ಯಾವ್ದು, ತೋರ್ಸಪ್ಪ," ಎಂದಳು. ಬಕ್ಕೇಶ್ ಬೆರಳಿಟ್ಟು ತೋರಿಸಿದ. ಗಿರಿಯಮ್ಮ ಎಡಗೈ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, 'ಜೊತೆಗೆ ಬಂದವರು' ಎಂಬಲ್ಲಿ ಖಾಲಿಯಿದ್ದ ಜಾಗಕ್ಕೆ ಒತ್ತಿದಳು.

"ಅಲ್ಲಮ್ಮಾ," ಬಕ್ಕೇಶ್ ಗಲಿಬಿಲಿಗೊಂಡ, "ನೀವೇ ಪೇಶೆಂಟು. ಇವರ ಜೊತೆಗೆ ಬಂದೋರು ನೀವು ಹೆಂಗಾಗ್ತೀರಿ?"

ಗಿರಿಯಮ್ಮ ಮಸಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಇಬ್ರೂ ಒಂದೇ ಬಸ್ಸಿಗೆ ಬಂದೀವಲ್ಲಪ್ಪ."